ಬ್ಯಾಂಡು, ಬ್ಯಾನು, ಬಂದ್

ಬೆಂಗಳೂರಿನಿಂದ ಬಂದ ಅಕ್ಕನ ಮಗ ನಡುಮನೆಯಲ್ಲಿ ಅಂಗೈಯಗಲದ ಸ್ಪೀಕರ್ ಇಟ್ಟು ಏನೋ ಹಚ್ಚಿದ. ನನ್ನಾಕೆ ಅಡುಗೆಮನೆಗೆ ಓಡಿ ಮಿಕ್ಸಿ ಆರಿಸಲು ಹೋದಳು. ಅದು ಆರೇ ಇತ್ತು.

'ಜಾರಿನಾಗ ಚಮಚ ಬಿದ್ದಂಗ ಸಪ್ಪಳ ಬರಾಕತ್ತೈತಲ್ರೀ!'

'ಅತ್ತೆ, ಇದು ಇಂಡಸ್ಟ್ರಿಯಲ್ ಮ್ಯೂಸಿಕ್ಕು' ಎಂದ ಅವನು, ದೇವರ ಹೆಸರು ಹೇಳುವ ಭಕ್ತಿಯಲ್ಲಿ. ಇಂಗ್ಲೆಂಡಿನ ಥ್ರಾಬಿಂಗ್ ಗ್ರಿಸಲ್ ಎಂಬ ತಂಡವಂತೆ. ಈ ಬಗೆಯ ಸಂಗೀತಕ್ಕೆ ಹೆಸರು ಬಂದದ್ದೇ ಅವರು 1976ರಲ್ಲಿ ತೆರೆದ ರೆಕಾರ್ಡ್ ಕಂಪನಿಯಿಂದ. 1981ರಲ್ಲಿ ತಂಡ ಒಡೆಯಿತು. 2004ರಲ್ಲಿ ಮತ್ತೆ ಒಂದಾಗಿ, 2007ರಲ್ಲಿ ಹೊಸ ಆಲ್ಬಮ್ ತಂದರು. '23 ವರ್ಷ ಮಾಮಾ! ಅಷ್ಟು ದಿನ ಸುಮ್ನಿದ್ದು ಮತ್ತೆ ಬಂದ್ರು!'

ನನಗೆ ಊರಿನ ಅಭಿಮಾನ ಕೆರಳಿತು. 'ನಮ್ಮ ಬ್ಯಾಂಡೂ ನಿಂತು ಮತ್ತ ಬಂದೈತಪ' ಎಂದೆ.

ಅವನು ಮದುವೆ ಬ್ಯಾಂಡೆಂದುಕೊಂಡ. ನಾನು ಹೇಳಿದ್ದು ನಮ್ಮ ಸಂಡೂರಿನ ಅದಿರು ಲಾರಿಗಳನ್ನು. 2011ಕ್ಕೆ ಮುಂಚೆ ರಾತ್ರಿಯಿಡೀ ಕಛೇರಿ. ಲೋಡಾದ ಲಾರಿ ಹಂಪು ಹಾರಿದಾಗ ಮೊದಲು ಕಿಟಕಿಯ ಗಾಜು ಗುನುಗುತ್ತಿತ್ತು. ಆಮೇಲೆ ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ. ಕೊನೆಗೆ ಖಾಲಿ ಲಾರಿಯ ಹಿಂಬಾಗಿಲು ಢಬಾರನೆ ಬಡಿದು ಮಂಗಳ ಹಾಡುತ್ತಿತ್ತು. ಬಿಳಿ ಪಂಚೆ ಒಗೆದು ಒಣಹಾಕಿದರೆ ಸಂಜೆಗೆ ಕಾವಿ. ಸಂಸಾರದಲ್ಲಿದ್ದೇ ಸನ್ಯಾಸ ಸಿಗುತ್ತಿತ್ತು. ರಂಗೋಲಿಯ ಅಂಚಿಗೆ ಕೆಮ್ಮಣ್ಣು ಕೊಳ್ಳುವ ಖರ್ಚೂ ಇರಲಿಲ್ಲ, ಮನೆಬಾಗಿಲಿಗೇ ಬಂದು ಬೀಳುತ್ತಿತ್ತು. ಕೆಮ್ಮು ಮಾತ್ರ ಮೇಲೆ ಕೊಸರು.

2011ರ ಜುಲೈ 29. ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸೆಂದಿತು. ಬ್ಯಾಂಡು ಬ್ಯಾನಾಗಿ ಬಂದ್ ಆಯಿತು. ಆಗಸ್ಟಿನಲ್ಲಿ ಸರ್ಕಾರಿ ಕಂಪನಿ ಎನ್‌ಎಂಡಿಸಿಗೆ ಮಾತ್ರ ತಿಂಗಳಿಗೆ 10 ಲಕ್ಷ ಟನ್ ಅದಿರು ತೆಗೆಯಲು ಬಿಟ್ಟರು. ಇಡೀ ಮೇಳ ಮನೆಗೆ ಹೋಗಿ ಒಬ್ಬನೇ ತಂಬೂರಿ ಮೀಟುತ್ತ ಕುಳಿತಂತೆ.

ನಿಶ್ಶಬ್ದವಾದ ಮೇಲೆ ನಮಗೆ ನಿದ್ದೆ ಬರಬೇಕಿತ್ತು. ಬರಲಿಲ್ಲ. ಲೋಟಗಳು ಮಾತಾಡುತ್ತಿಲ್ಲವೆಂದು ನಾನು ಎರಡು ಗಂಟೆಗೆದ್ದು ಅವನ್ನು ಬೆರಳಿಂದ ತಟ್ಟಿ ನೋಡಿದೆ. 'ನಿದ್ದಿಗೇಡಿ!' ಎಂದಳು ನನ್ನಾಕೆ. ಪಕ್ಕದ ಬೀದಿಯಲ್ಲಿ ಸಾಲ ಮಾಡಿ ಲಾರಿ ಕೊಂಡವರಿಗೆ ನಿದ್ದೆ ಬಾರದ ಕಾರಣ ಬೇರೆ. ಅವರ ಲಾರಿಯಡಿ ನಾಯಿ ಮರಿ ಹಾಕಿತ್ತು.

2013ರ ಏಪ್ರಿಲ್ 18ರ ತೀರ್ಪು ಪುನರಾಗಮನಕ್ಕೆ ಪೂರ್ತಿ ದಾರಿ ಬಿಟ್ಟಿತು. ಮೇಳದ ಸದಸ್ಯರನ್ನು, ಅಂದರೆ ಗಣಿಗಳನ್ನು, ಎ, ಬಿ, ಸಿ ಎಂದು ವಿಂಗಡಿಸಿ, ಅಕ್ರಮದ ಅಪಸ್ವರ ಅತಿಯಾದ ಸಿ ವರ್ಗದವರ ಗುತ್ತಿಗೆ ರದ್ದು ಮಾಡಿದರು. ವಾಲ್ಯೂಮಿಗೂ ಮಿತಿ: ಜಿಲ್ಲೆಗೆ ವರ್ಷಕ್ಕೆ 2.5 ಕೋಟಿ ಟನ್, 2022ರಲ್ಲಿ 3.5 ಕೋಟಿಗೆ ಏರಿಸಿದರು. ನಿಮ್ಮ ಇಂಗ್ಲೆಂಡಿನವರಿಗೆ ವಾಲ್ಯೂಮ್ ಗೊತ್ತುಮಾಡಲು ಸುಪ್ರೀಂ ಕೋರ್ಟಿತ್ತೇನೋ ಎಂದು ಕೇಳಿದೆ. ಹುಡುಗ ಸೋತ.

ಕಂಪ್ಲಿಗೆ ಕರೆದೊಯ್ದು ಅಕ್ಕಿ ಗಿರಣಿ ಕೇಳಿಸಿದೆ. 'ಬೀಟ್ ಚೆನ್ನಾಗಿದೆ, ಮೆಲೊಡಿ ಜಾಸ್ತಿ' ಎಂದ. ಹಂಪಿಯಲ್ಲಿ ವಿಜಯ ವಿಠ್ಠಲನ ಗುಡಿಯ ಸ್ವರಕಂಬಗಳನ್ನು ತೋರಿಸಿದೆ. ಅವನ್ನು ತಟ್ಟುವಂತಿಲ್ಲ, ತಟ್ಟೀ ತಟ್ಟೀ ಸವೆಸಿದವರು ನಾವೇ. ಇವನು ಬೆರಳು ಮಡಚಿದ್ದಷ್ಟೇ, ಕಾವಲುಗಾರ ಸೀಟಿ ಊದಿದ. ಅಂದು ಅಲ್ಲಿ ಕೇಳಿದ ಸ್ವರ ಅದೊಂದೇ.

ರಾತ್ರಿ ಲಾರಿಗಳ ಸದ್ದು ಹಿಡಿಯುವೆನೆಂದು ಫೋನನ್ನು ಕಿಟಕಿಯಲ್ಲಿಟ್ಟು ಮಲಗಿದ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ತಿನ್ನುತ್ತ ಹಚ್ಚಿದೆವು. ದೂರದಲ್ಲೊಂದು ಲಾರಿ, ಲೋಟದ ಕಿಣಿಕಿಣಿ, ಅವೆರಡನ್ನೂ ನುಂಗಿ ಗರಗರನೆ ಏರಿ, ಕ್ಷಣ ತಡೆದು, ಸಿಳ್ಳೆ ಹಾಕಿ ಇಳಿಯುವ ಇನ್ನೊಂದು ದನಿ. ಅವನ ಕಣ್ಣರಳಿದವು. 'ಮಾಮಾ, ಇದು ಯಾವ ಮಷೀನು?'

ನಾನು ಮಂಡಕ್ಕಿಯಲ್ಲಿ ಶೇಂಗಾ ಹುಡುಕತೊಡಗಿದೆ.

'ನಿಮ್ಮ ಮಾಮಾಂದು' ಎಂದಳು ನನ್ನಾಕೆ, ಮಿರ್ಚಿ ಬಡಿಸುತ್ತ. 'ಮೂವತ್ತು ವರ್ಷದಾಗ ಈ ಬ್ಯಾಂಡು ಒಂದಿನಾನೂ ಬ್ಯಾನ್ ಆಗಿಲ್ಲಪ.'