ಲಂಗರು ಮೇಷ್ಟ್ರು

ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬಂದ ಅಪ್ಪಂದಿರು ಈಗ ಊರಿಗೆ ನಾಲ್ಕು ಜನ ಸಿಗುತ್ತಾರೆ. ನಮ್ಮ ನುಗ್ಗೇಹಳ್ಳಿಯಲ್ಲೂ ಇದ್ದಾರೆ. ಒಬ್ಬರು, ಅಲ್ಲಿ ಯಾರೂ ಹಾರನ್ ಹೊಡೆಯುವುದಿಲ್ಲ ಎಂಬುದನ್ನು ಹಾರನ್ನಿಗಿಂತ ಜೋರಾಗಿ ಹೇಳುತ್ತಾರೆ. ಇನ್ನೊಬ್ಬರು ಪಾತ್ರೆ ತೊಳೆಯುವ ಮಷೀನನ್ನು ಹೊಗಳುತ್ತಾರೆ. ಇಲ್ಲಿ ತಾವು ಕುಡಿದ ಕಾಫಿ ಲೋಟವನ್ನೂ ಎತ್ತಿಟ್ಟವರಲ್ಲ. ಇದೆಲ್ಲ ಒಂದು ತಿಂಗಳ ಜ್ವರ, ತಾನಾಗಿ ಇಳಿಯುತ್ತದೆ. ನಮ್ಮ ಮೇಷ್ಟ್ರದು ಮಾತ್ರ ಇಳಿಯಲಿಲ್ಲ. ಅವರು ಅಲ್ಲಿಂದ ತಂದದ್ದು ಲಂಗರು. ಕಬ್ಬಿಣದ್ದಲ್ಲ, ಅದರ ವಿಚಾರ.

ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದ ಮೇಲೆ ಮೇಷ್ಟ್ರಿಗೆ ಲಕ್ಷ್ಮೀನರಸಿಂಹ ದೇವಸ್ಥಾನವೇ ತರಗತಿಯಾಗಿತ್ತು. ಬೇಲೂರು, ಹಳೇಬೀಡು ಮುಗಿಸಿ ದಾರಿತಪ್ಪಿ ಇಲ್ಲಿಗೆ ಬಂದ ಪ್ರವಾಸಿಗಳನ್ನು ಹಿಡಿದು, ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ್ದು, ಈ ಶಿಲ್ಪ ಬೈಚೋಜನದು, ಆ ಶಿಲ್ಪ ಮಲ್ಲಿತಮ್ಮನದು ಎಂದು ಇಬ್ಬರ ಉಳಿಯ ವ್ಯತ್ಯಾಸವನ್ನು ಮುಕ್ಕಾಲು ಗಂಟೆ ಹೇಳುತ್ತಿದ್ದರು. ಈಗ ಬೊಮ್ಮಣ್ಣನಿಗೆ ಎರಡು ನಿಮಿಷ. ಮಿಕ್ಕಿದ್ದು ಡ್ಯಾನ್‌ಫೋರ್ತ್ ಹೆಚ್ಚೋ ಸಿಕ್ಯೂಆರ್ ಹೆಚ್ಚೋ ಎಂಬ ಚರ್ಚೆಗೆ. ಪಾಪ, ಬೆಂಗಳೂರಿನಿಂದ ಬಂದವರು ಅವನ್ನೂ ಹೊಯ್ಸಳ ಶಿಲ್ಪಿಗಳೆಂದುಕೊಂಡು ಬರೆದುಕೊಂಡು ಹೋಗುತ್ತಾರೆ.

ಕಥೆ ಇಷ್ಟು. ಮಗನಿಗೆ ಮೇರಿಲ್ಯಾಂಡಿನ ಅನ್ನಾಪೊಲಿಸ್‌ನಲ್ಲಿ ಕೆಲಸ. ಅಲ್ಲಿ ಚೆಸಪೀಕ್ ಕೊಲ್ಲಿ, ಹಾಯಿದೋಣಿಗಳ ಜಾತ್ರೆ. ಮಗನೂ ಒಂದು ಇಟ್ಟುಕೊಂಡಿದ್ದಾನೆ. ಶನಿವಾರ ಹೊರಟು ಯಾವುದಾದರೂ ಮೂಲೆಯಲ್ಲಿ ಲಂಗರು ಹಾಕಿ ರಾತ್ರಿ ಅಲ್ಲೇ ಮಲಗಿ ಭಾನುವಾರ ಬರುವುದು. ಆ ಕೊಲ್ಲಿಯ ಸರಾಸರಿ ಆಳ 21 ಅಡಿ ಎಂದು ಮೇಷ್ಟ್ರು ಹೋಟೆಲಿನಲ್ಲಿ ಹೇಳಿದಾಗ, ಬೋರು ಕೊರೆಸಿ ಸಾಲವಾದವರೊಬ್ಬರು, “ಅಷ್ಟೇನಾ? ನಮ್ಮ ತೋಟದಲ್ಲಿ ಅದ್ರ ಮೂವತ್ತರಷ್ಟು ಹೋದ್ರೂ ಧೂಳೇ ಬಂತಲ್ಲ ಮೇಷ್ಟ್ರೆ” ಎಂದು ನಿಟ್ಟುಸಿರಿಟ್ಟರು.

ಮೇಷ್ಟ್ರ ಪಾಠ ಶುರುವಾಗುವುದು ಊಟದ ತಟ್ಟೆಯಿಂದ. “ಲಂಗರು ಅಂದ್ರೆ ಭಾರ ಅಂತ ತಿಳ್ಕೊಂಡಿದ್ದೀರಿ. ತಪ್ಪು. ಅದು ಹಿಡಿತ.” ಚಮಚವನ್ನು ಮುದ್ದೆಗೆ ಚುಚ್ಚುತ್ತಾರೆ. “ಇದು ಕೆಸರು. ಮೇಲಕ್ಕೆಳೆದ್ರೆ ಏನಾಯ್ತು? ಕಿತ್ತು ಬಂತು. ಅಡ್ಡ ಎಳೀರಿ, ಇನ್ನೂ ಒಳಕ್ಕೇ ಹೋಗ್ತದೆ. ಅದಕ್ಕೇ ಹಗ್ಗ ಉದ್ದ ಬಿಡಬೇಕು. ಉದ್ದ ಬಿಟ್ಟಷ್ಟೂ ಎಳೆತ ನೆಲಕ್ಕೆ ಸಮನಾಗಿರ್ತದೆ.” ಆಮೇಲೆ ಲೆಕ್ಕ: ನೀರಿನ ಆಳ 15 ಅಡಿ, ನೀರಿನಿಂದ ದೋಣಿಯ ಮೂತಿಗೆ 4 ಅಡಿ, ಭರತ ಏರಿದರೆ ಇನ್ನೊಂದಡಿ, ಒಟ್ಟು 20. ಪೂರ್ತಿ ಸರಪಳಿಯಾದರೆ ಐದರಿಂದ ಗುಣಿಸಿ 100, ಹಗ್ಗವಾದರೆ ಏಳರಿಂದ, 140. ಮೂತಿಯ ಎತ್ತರ ಸೇರಿಸಲು ಮರೆತವನಿಗೆ ಮೇಷ್ಟ್ರು ಈಗಲೂ ಸೊನ್ನೆ ಕೊಡುತ್ತಾರೆ. ಪಕ್ಕದವರ ಉಪ್ಪಿಟ್ಟು ಮರಳಿನ ತಳವಾಗುತ್ತದೆ. ಅದಕ್ಕೂ ಚಮಚ ಹೋಗುವಷ್ಟರಲ್ಲಿ ಅವರು ತಟ್ಟೆ ಎತ್ತಿಕೊಂಡು ಬೇರೆ ಬೆಂಚಿಗೆ ಹೋಗಿರುತ್ತಾರೆ.

ಈ ಏಳರ ಮಗ್ಗಿಯ ಮೂಲ ನಮಗೆ ಗೊತ್ತಾದದ್ದು ಅವರ ಮನೆಯಲ್ಲಿ, ಅವರ ಹೆಂಡತಿ ಕಾಫಿ ತಂದಾಗ. “ಅಲ್ಲಿ ಇವರು ಮಾಡಿದ ಘನಕಾರ್ಯ ಹೇಳಿದ್ರಾ? ಮಗ ನೂರಡಿ ಚೈನು ಬಿಡಪ್ಪಾ ಅಂದ. ಇವರು ಸುಮ್ನೆ ಯಾಕೆ ದಂಡ ಅಂತ ನಲವತ್ತಡಿ ಬಿಟ್ಟು, ಮಿಕ್ಕಿದ್ದನ್ನ ಒಳಗೇ ಉಳಿಸಿದ್ರು. ರಾತ್ರಿ ಗಾಳಿ ಬಂತು. ದೋಣಿ ಜಾಗ ಬಿಟ್ರೆ ಬಡ್ಕೊಳ್ಳೋ ಹಾಗೆ ಮಗ ಫೋನಲ್ಲಿ ಏನೋ ಇಟ್ಟಿದ್ದ, ಮೂರು ಗಂಟೆಗೆ ಅದು ಬಡ್ಕೊಳ್ತು. ಇವರು ಬೆಳಗಾಯ್ತು ಅಂತ ಎದ್ದು ಕೂತು ಸುಪ್ರಭಾತ ಹೇಳ್ತಿದಾರೆ, ದೋಣಿ ಪಕ್ಕದ ದೊರೆ ದೋಣಿಗೆ ಮುತ್ತಿಡೋಕೆ ಹೋಗ್ತಿದೆ!” ಮೇಷ್ಟ್ರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಜೀವಮಾನವಿಡೀ ಗಣಿತ ಹೇಳಿದವರು ಐದರಿಂದ ಗುಣಿಸಬೇಕಾದ್ದನ್ನು ಎರಡರಿಂದ ಗುಣಿಸಿದ್ದರು. ಮಗ ಎರಡು ದಿನ ಮಾತಾಡಿಸಲಿಲ್ಲವಂತೆ. ಮೂರನೆಯ ದಿನದಿಂದ ಮೇಷ್ಟ್ರು ಓದಲು ಕೂತರು.

ಓದಿದ್ದೂ ಸಾಮಾನ್ಯವಲ್ಲ. ಡ್ಯಾನ್‌ಫೋರ್ತ್ ಎಂದರೆ ಎರಡು ಅಗಲ ರೆಕ್ಕೆಯ ಹಗುರ ಲಂಗರು, ಮಹಾಯುದ್ಧದ ಕಾಲದ್ದು. ಕೆಸರು, ಮರಳಿಗೆ ಗಟ್ಟಿ. ಗಾಳಿ ದಿಕ್ಕು ತಿರುಗಿಸಿದರೆ ಕಿತ್ತುಕೊಳ್ಳುವ ಚಾಳಿ. ಬ್ರೂಸ್ ಹದ್ದಿನ ಪಂಜದ ಹಾಗೆ. ಬೇಗ ಕಚ್ಚುತ್ತದೆ, ತೂಕಕ್ಕೆ ತಕ್ಕ ಹಿಡಿತವಿಲ್ಲ. ಮೇಷ್ಟ್ರ ಪ್ರೀತಿಯದು ಸಿಕ್ಯೂಆರ್, ನೇಗಿಲಿನಾಕಾರದ್ದು. 1933ರಲ್ಲಿ ಅದನ್ನು ಮಾಡಿದವರು ಕೇಂಬ್ರಿಡ್ಜಿನ ಭೌತವಿಜ್ಞಾನಿ ಜಿ. ಐ. ಟೇಲರ್. ಮೂರೂ ಅಕ್ಷರ ಬೇಗ ಹೇಳಿದರೆ ‘ಸೆಕ್ಯೂರ್’ ಎಂದು ಕೇಳಬೇಕು, ಅದೇ ಹೆಸರಿನ ಗುಟ್ಟು. ಮೇಷ್ಟ್ರು ಕರಗಿದ್ದು ಇದಕ್ಕಲ್ಲ. ಟೇಲರ್, ಬೂಲಿಯನ್ ಬೀಜಗಣಿತದ ಜಾರ್ಜ್ ಬೂಲ್‌ನ ಮಗಳ ಮಗ. “ಗಣಿತದವರ ಮನೆಯ ಲಂಗರು ಕಣಯ್ಯ” ಎನ್ನುವಾಗ ಬೀಗರ ಕುಲಗೋತ್ರ ಹೇಳಿದಷ್ಟು ಸಡಗರ.

ಆಮೇಲೆ ಊರಿನ ಯಾವ ವಿಚಾರಕ್ಕೂ ಅದೇ ಅಳತೆ. ಹೆಣ್ಣು ನೋಡಲು ಹೋದರೆ, “ಹುಡುಗ ಕಚ್ಚಿ ನಿಲ್ಲೋನಾ, ಗಾಳಿ ತಿರುಗಿದ್ರೆ ಕೀಳೋನಾ?” ಪಂಚಾಯಿತಿ ಚುನಾವಣೆಯಲ್ಲಿ ಪಕ್ಷ ಬದಲಿಸಿದವನಿಗೆ ಡ್ಯಾನ್‌ಫೋರ್ತ್ ಎಂದು ಹೆಸರಿಟ್ಟರು. ಅವನು ಅದನ್ನು ಬಿರುದೆಂದೇ ತಿಳಿದಿದ್ದಾನೆ.

ಅವರ ಮಾತನ್ನು ಗೌರವದಿಂದ ಕೇಳುವವನು ಒಬ್ಬನೇ, ಕೆರೆ ಏರಿಯ ಬಳಿ ಹಸು ಕಟ್ಟುವ ತಾತ. ಗಾಳಿ ತಿರುಗಿದಂತೆ ದೋಣಿ ಲಂಗರಿನ ಸುತ್ತ ಸುತ್ತುತ್ತದೆ, ಪಕ್ಕದ ದೋಣಿಯವನು ಎಷ್ಟು ಹಗ್ಗ ಬಿಟ್ಟಿದ್ದಾನೆಂದು ಕೇಳಿಕೊಂಡೇ ನಾವು ಬಿಡಬೇಕು ಎಂದು ಮೇಷ್ಟ್ರು ಕಡ್ಡಿಯಲ್ಲಿ ವೃತ್ತ ಬರೆದು ತೋರಿಸಿದರು. ತಾತ ನೋಡಿದ. “ಅದೇ ಸಾ. ಎಲ್ಡ್ ಹಸಕ್ಕೂ ಹಗ್ಗ ಒಂದೇ ಅಳತೆ ಬುಡ್ಬೇಕು. ಇಲ್ದಿದ್ರೆ ಸುತ್ಕಂಡ್ ಸಾಯ್ತವೆ.” ನಾವಿಕರು ಆಳವನ್ನು ಚಾಚಿದ ಎರಡು ಕೈಗಳ ಅಳತೆಯಲ್ಲಿ, ಆರಡಿಯ ಲೆಕ್ಕದಲ್ಲಿ ಹೇಳುತ್ತಾರೆ ಎಂದರೆ, “ಮಾರು” ಎಂದ. ಮೇಷ್ಟ್ರು ನೇಗಿಲಿನ ಲಂಗರನ್ನು ವರ್ಣಿಸಿದಾಗ ಮಾತ್ರ ತಾತ ತಲೆ ಕೆರೆದುಕೊಂಡ. “ನೇಗ್ಲು ನಿಲ್ಲಕ್ ಮಾಡಿರದಾ ಸಾ?”

ಮೇಷ್ಟ್ರನ್ನು ಇದು ಕೆಣಕಿತು. ಕೆರೆಯ ಮೀನಿನ ಟೆಂಡರ್ ಹಿಡಿದವನು ಥರ್ಮಾಕೋಲ್ ತೆಪ್ಪವನ್ನು ಹಗ್ಗಕ್ಕೆ ಕಲ್ಲು ಕಟ್ಟಿ ನಿಲ್ಲಿಸುತ್ತಿದ್ದ. ಕಲ್ಲು ನೀರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ತೂಕ ಕಳೆದುಕೊಳ್ಳುತ್ತದೆಂದು ಅವನಿಗೆ ಆರ್ಕಿಮಿಡೀಸನನ್ನು ಪರಿಚಯಿಸಿ, ಅಟ್ಟದ ಮೇಲಿದ್ದ ಹಳೆಯ ಕಬ್ಬಿಣದ ನೇಗಿಲಿನ ಗುಳ ಇಳಿಸಿ, ವೆಲ್ಡಿಂಗ್ ಶಾಪಿನಲ್ಲಿ ಮೂರು ದಿನ ಕೂತು ಒಂದು ಸಿಕ್ಯೂಆರ್ ಮಾಡಿಸಿದರು. ವೆಲ್ಡಿಂಗ್‌ನವನು ಅದನ್ನು ಟಿಲ್ಲರ್‌ಗೆ ಎಂದುಕೊಂಡು ಎರಡು ತೂತು ಹೆಚ್ಚಿಗೆ ಕೊರೆದಿದ್ದ.

ಭಾನುವಾರ ಏರಿಯ ಮೇಲೆ ನಾವೆಲ್ಲ ಸೇರಿದೆವು. ನೀರು ಎಂಟಡಿ, ಏಳೆಂಟ್ಲ ಐವತ್ತಾರು ಅಡಿ ಹಗ್ಗ. ರಾಶಿ ಸುರಿಯಬಾರದು, ತೆಪ್ಪ ಹಿಂದೆ ಸರಿದಂತೆ ನಿಧಾನ ಬಿಡಬೇಕು, ಕೊನೆಯಲ್ಲಿ ಎಳೆದು ಕಚ್ಚಿಸಬೇಕು. ಎಂಜಿನ್ ಇಲ್ಲದ್ದರಿಂದ ಮೀನಿನವನು ಹುಟ್ಟು ಹಾಕಿ ಎಳೆದ. “ಈಗ ದಡದ ಮೇಲೆ ಎರಡು ಗುರುತು ಇಟ್ಕೋ. ಅವು ಕದಲದಿದ್ರೆ ನೀನೂ ಕದಲಿಲ್ಲ ಅಂತ ಅರ್ಥ” ಎಂದು ಮೇಷ್ಟ್ರು ದಡದಿಂದಲೇ ಕೂಗಿದರು. ಅವನು ಒಂದು ತೆಂಗಿನ ಮರವನ್ನೂ ನಮ್ಮ ಮೇಷ್ಟ್ರನ್ನೂ ಗುರುತಿಟ್ಟುಕೊಂಡ.

ಗಾಳಿ ಬೀಸಿತು. ತೆಪ್ಪ ನಿಂತಿತು. ಚಪ್ಪಾಳೆ ಬೀಳುವಷ್ಟರಲ್ಲಿ ತೆಂಗಿನ ಮರ ಮೇಷ್ಟ್ರ ಹಿಂದೆ ಸರಿಯತೊಡಗಿತು ಎಂದು ಮೀನಿನವನು ಆಮೇಲೆ ಹೇಳಿದ. ಸಿಕ್ಯೂಆರ್ ಮೇಲೆ ನಾವಿಕರದೂ ಇದೇ ದೂರು, ಕೆಲವು ತಳದಲ್ಲಿ ಕಚ್ಚಿ ನಿಲ್ಲುವ ಬದಲು ನಿಧಾನವಾಗಿ ಉಳುತ್ತಾ ಹೋಗುತ್ತದಂತೆ. ಆ ಒಂದು ಪುಟವನ್ನು ಮೇಷ್ಟ್ರು ನಮಗೆ ಹೇಳಿರಲಿಲ್ಲ. ನೀರಿನಲ್ಲಿ ಕೆಂಪಗೆ ಒಂದು ಕದಡು ಎದ್ದು, ಗೆರೆ ಎಳೆದಂತೆ ತೆಪ್ಪದ ಜೊತೆಗೇ ತೂಬಿನ ಕಡೆ ಹೊರಟಿತು. ಯಾರೂ ಮಾತಾಡಲಿಲ್ಲ. ತಾತ ಹಸುವಿನ ಹಗ್ಗ ಕೈಯಲ್ಲೇ ಹಿಡಿದು ಏರಿ ಹತ್ತಿ ಬಂದು, ಆ ಗೆರೆಯನ್ನು ಉದ್ದಕ್ಕೂ ನೋಡಿದ.

“ಸಾಲು ನೇರಕ್ ಬಂದೈತೆ ಮೇಷ್ಟ್ರೆ. ಬಿತ್ತೋದೇನು, ರಾಗಿನಾ ಹುಳ್ಳೀನಾ?”