ಮೂಲೆಮನೆಯ ದೊಡ್ಡಮ್ಮ

ಚೊಚ್ಚಲ ಬಸುರಿಯು ತನ್ನ ಶುಭವಾರ್ತೆಯನ್ನು ತವರಿಗೆ ತಿಳಿಸುವ ಮೊದಲೇ ಅದನ್ನು ಊಹಿಸಿ, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಏನೇ ಹುಡುಗಿ, ಹುಳಿ ಬೇಕನ್ನಿಸುತ್ತಾ?" ಎಂದು ಕೇಳುವ ದೊಡ್ಡಮ್ಮನೊಬ್ಬರು ನಮ್ಮ ಪ್ರತಿಯೊಂದು ಬೀದಿಯಲ್ಲಿಯೂ ಇರುತ್ತಾರೆ. ಅವರು ಬಂಧುಗಳಾಗಿರಬೇಕೆಂಬ ನಿಯಮವಿಲ್ಲ. ವೈದ್ಯಶಾಸ್ತ್ರವನ್ನು ಓದಿರಬೇಕೆಂಬುದಂತೂ ಇಲ್ಲವೇ ಇಲ್ಲ. ಮೈಸೂರಿನಲ್ಲಿ ನನ್ನ ಪಾಲಿಗೆ ಒದಗಿದವರು ಮೂಲೆಮನೆಯ ದೊಡ್ಡಮ್ಮನವರು. ಅವರ ಕೃಪಾಕಟಾಕ್ಷಕ್ಕೆ ದಿನ ತುಂಬುವವರೆಗೂ ಪಾತ್ರಳಾಗಿದ್ದ ನನ್ನಿಂದ ನಿಷ್ಪಕ್ಷಪಾತವಾದ ಚಿತ್ರವನ್ನು ಯಾರೂ ನಿರೀಕ್ಷಿಸಲಾಗದು.

ಅವರ ಶಾಸ್ತ್ರದಲ್ಲಿ ಸಂಶಯಕ್ಕೆ ಎಡೆಯಿಲ್ಲ. ಕಬ್ಬಿಣಾಂಶದ ಮಾತ್ರೆ ನುಂಗಿದರೆ ಮಗು ಕಪ್ಪಾಗುವುದು, ಕೇಸರಿ ಹಾಕಿದ ಹಾಲು ಕುಡಿದರೆ ಬೆಳ್ಳಗಾಗುವುದು. ಎರಡನ್ನೂ ಸೇವಿಸುತ್ತಿದ್ದ ನನ್ನ ಕೂಸು ಅವರ ಲೆಕ್ಕದಲ್ಲಿ ದಿನವೂ ಬೆಳಗ್ಗೆ ಕಪ್ಪಾಗಿ ರಾತ್ರಿ ಬೆಳ್ಳಗಾಗುತ್ತಿದ್ದಿರಬೇಕು. ಮೈಬಣ್ಣವು ತಂದೆತಾಯಿಗಳ ವಂಶವಾಹಿಗಳಿಂದ ಬರತಕ್ಕದ್ದೆಂದೂ, ಮಾತ್ರೆಯಿಂದ ಕಪ್ಪಾಗುವುದು ಮಲ ಮಾತ್ರವೆಂದೂ ವೈದ್ಯೆಯು ಹೇಳಿದ್ದನ್ನು ನಾನು ವಿನಯದಿಂದ ನಿವೇದಿಸಿದಾಗ, "ಆ ಡಾಕ್ಟ್ರಮ್ಮನಿಗೆ ಎಷ್ಟು ಮಕ್ಕಳಂತೆ?" ಎಂದು ಕೇಳಿದರು. ಕಡೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳೂ ಏಳು ದಿನವೂ ಕೂಡಿಸಿ ವೈದ್ಯೆಯು 280 ದಿನಗಳ ಗಡುವನ್ನು ಬರೆದುಕೊಟ್ಟರೆ, ಇವರು ಒಂಬತ್ತು ತಿಂಗಳು ಒಂಬತ್ತು ದಿನವೆಂದು ಹಟ ಹಿಡಿದು, ಆ ಎರಡು ದಿನಗಳಿಗಾಗಿ ಸಮಸ್ತ ಅಲೋಪತಿಯನ್ನೇ ಶಂಕಿಸಿದರು. ಗಡುವಿನ ದಿನವೇ ಹುಟ್ಟುವ ಶಿಶುಗಳು ನೂರಕ್ಕೆ ಐದರಷ್ಟು ಮಾತ್ರವಾದ್ದರಿಂದ, ಈ ವ್ಯಾಜ್ಯದಲ್ಲಿ ಶಿಶುವು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಎದೆಯುರಿಯೆಂದರೆ, "ಮಗುವಿಗೆ ತಲೆತುಂಬ ಕೂದಲು ಬರ್ತಿದೆ ಕಣೇ" ಎಂಬ ಸಮಾಧಾನ. ಇದನ್ನಾದರೂ ಖಂಡಿಸೋಣವೆಂದು ಹುಡುಕಿದರೆ, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 64 ಗರ್ಭಿಣಿಯರನ್ನು ಗಮನಿಸಿ, ಎದೆಯುರಿ ಹೆಚ್ಚಾದವರ ಮಕ್ಕಳಿಗೆ ಕೂದಲೂ ಹೆಚ್ಚೆಂದು 2006ರಲ್ಲಿ ಪ್ರಕಟಿಸಿಬಿಟ್ಟಿದ್ದಾರೆ. ಈ ಸಂಗತಿಯನ್ನು ನಾನು ದೊಡ್ಡಮ್ಮನವರಿಗೆ ಇಂದಿಗೂ ತಿಳಿಸಿಲ್ಲ.

ಇಷ್ಟನ್ನೂ ಸಹಿಸಬಹುದಾಗಿತ್ತು, ಸಹಿಸಲಾಗದೆ ಹೋದದ್ದು ಸ್ಕ್ಯಾನಿಂಗಿನ ದಿನದ ಪ್ರಸಂಗ. ಭ್ರೂಣಲಿಂಗ ಪತ್ತೆಯು ಶಿಕ್ಷಾರ್ಹ ಅಪರಾಧವೆಂದು, 1994ರ ಕಾಯಿದೆಯನ್ನು ಉಲ್ಲೇಖಿಸಿ ದಪ್ಪಕ್ಷರಗಳಲ್ಲಿ ಬರೆದಿದ್ದ ಫಲಕದ ನೇರ ಕೆಳಗೆ ಆಸೀನರಾದ ದೊಡ್ಡಮ್ಮನವರು, ಹೆಸರು ಕೂಗಿದೊಡನೆ ಎದ್ದು ನಾನು ಮುಂದಿಟ್ಟ ಪಾದವನ್ನು ಪರೀಕ್ಷಿಸಿ, "ಬಲಗಾಲು! ಗಂಡೇ ಕಣೇ, ಬರೆದಿಟ್ಟುಕೋ" ಎಂದು ಇಡೀ ಪಡಸಾಲೆಗೆ ಕೇಳುವಂತೆ ಸಾರಿದರು. ನಾನು ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಅಲ್ಲೊಂದು ಪ್ರತಿಸ್ಪರ್ಧಿ ಚಿಕಿತ್ಸಾಲಯವೇ ಸ್ಥಾಪಿತವಾಗಿತ್ತು: ತಾಯಿ ಕಾರ್ಡನ್ನು ಹಿಡಿದ ಗರ್ಭಿಣಿಯರು ಒಬ್ಬೊಬ್ಬರಾಗಿ ನಡೆದು ತೋರಿಸುತ್ತಿದ್ದರು, ಇವರು ಹೊಟ್ಟೆ ಚೂಪಾದವಳಿಗೆ ಗಂಡನ್ನೂ ಅಗಲವಾದವಳಿಗೆ ಹೆಣ್ಣನ್ನೂ, ಶುಲ್ಕವಿಲ್ಲದೆ, ಜೆಲ್ಲಿಯ ಲೇಪನವಿಲ್ಲದೆ, ದಯಪಾಲಿಸುತ್ತಿದ್ದರು. ನರ್ಸು ಧಾವಿಸಿ ಬಂದು, "ಅಜ್ಜಿ, ಬೋರ್ಡ್ ಓದಿದ್ರಾ?" ಎಂದು ಗದರಿದಾಗ, "ಓದಿದೆ ಕಣಮ್ಮ, ಅದು ಮಿಷನ್ನಿಗೆ ಹೇಳಿರೋದು" ಎಂದರು. ಭೂಮಿ ಬಾಯಿಬಿಡಬಾರದೇ ಎನಿಸಿತು ನನಗೆ. ಆದರೆ ಅದುವರೆಗೂ ಬಿಳಿಚಿಕೊಂಡು ಗೋಡೆಯನ್ನೇ ದಿಟ್ಟಿಸುತ್ತ ಕುಳಿತಿದ್ದ ಆ ಹೆಂಗಸರೆಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದುದನ್ನು ಕಂಡು, ನನ್ನ ಕೋಪವು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಸಂಜೆಯ ವೇಳೆ ಎಲೆಗೆ ಸುಣ್ಣ ಸವರುತ್ತ ಅವರು ಹೇಳುತ್ತಿದ್ದ ಹೆರಿಗೆಯ ವೃತ್ತಾಂತಗಳು ಎಂಥ ಧೀರರನ್ನೂ ನಡುಗಿಸತಕ್ಕವು. ಓರಗಿತ್ತಿ ನೋವು ತಿನ್ನುತ್ತ ಎತ್ತಿನಗಾಡಿಯಲ್ಲಿ ಮಲಗಿದ್ದಾಳೆ, ಹೊಳೆ ತುಂಬಿ ಬಂದಿದೆ, ಸೂಲಗಿತ್ತಿ ಆಚೆಯ ದಡದಲ್ಲಿದ್ದಾಳೆ; ನನ್ನ ಕೈಕಾಲು ತಣ್ಣಗಾಗುವ ಆ ಘಳಿಗೆಯಲ್ಲಿ ದೊಡ್ಡಮ್ಮನವರು ಎಲೆಯನ್ನು ಮಡಿಸಿ ಬಾಯಿಗಿಟ್ಟುಕೊಂಡು, "ಆ ಮಗುವೇ ಈಗ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ನು" ಎಂದು ಮುಗಿಸಿಬಿಡುವರು. ಕಾಲು ಮುಂದಾಗಿ ಹುಟ್ಟಿದವನು ಬಸ್ ಕಂಡಕ್ಟರು. ಕೊರಳಿಗೆ ಹುರಿ ಸುತ್ತಿಕೊಂಡು ಬಂದವಳು ಗಣಿತದ ಮೇಡಮ್ಮು. ನಿದ್ರೆ ಬಾರದ ರಾತ್ರಿಗಳಲ್ಲಿ ನಾನು ಓದಿದ ಪುಸ್ತಕಗಳೊಂದೂ ಧೈರ್ಯ ಹೇಳದಿದ್ದಾಗ, ಕಂಬ ಹತ್ತಿ ಕುಳಿತ ಆ ಅಪರಿಚಿತ ಲೈನ್‌ಮನ್ನನನ್ನು ನೆನೆದು ಮಗ್ಗುಲಾಗುತ್ತಿದ್ದೆ. ಅವರ ಕಾಲದಲ್ಲಿ ಎಲ್ಲ ಹೆರಿಗೆಗಳೂ ನೌಕರಿಯಲ್ಲಿ ಮುಗಿದಿರಲಾರವೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಹಾಗೆ ಮುಗಿಯದವು ಅವರಿಗೆ ನೆನಪಿರಲಿಲ್ಲವೆಂದಲ್ಲ. ಎಷ್ಟೇ ವಾಚಾಳಿಯಾದರೂ ಬಸುರಿಯ ಮುಂದೆ ಅವನ್ನು ಹೇಳಲಿಲ್ಲ, ಅಷ್ಟೆ.

ಆದ್ದರಿಂದ ಚೊಚ್ಚಲ ಬಸುರಿಯರಲ್ಲಿ ನನ್ನ ವಿಜ್ಞಾಪನೆಯಿಷ್ಟು: ದೊಡ್ಡಮ್ಮನವರು ಹೇಳಿದ್ದಕ್ಕೆಲ್ಲ "ಹೂಂ" ಎನ್ನಿ, ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿ, ರಕ್ತ ಕಾಣಿಸಿಕೊಂಡರೆ, ಬಿಡದ ತಲೆನೋವಿನೊಡನೆ ಕಣ್ಣು ಮಂಜಾದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ಯಾರ ಸಲಹೆಗೂ ಕಾಯದೆ ಆಸ್ಪತ್ರೆಗೆ ಹೊರಡಿ, ದೊಡ್ಡಮ್ಮನವರನ್ನೂ ಕರೆದುಕೊಂಡೇ ಹೊರಡಿ. ಹೆರುವವಳಿಗೆ ಬೇಕಾದವರೊಬ್ಬರು ಜೊತೆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2018ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ.

ನನಗೆ ಹೆಣ್ಣುಮಗು ಹುಟ್ಟಿತು. "ನಿಮ್ಮಮ್ಮನ ಹತ್ತಿರ ಹೆಣ್ಣು ಅಂತಲೇ ಅಂದಿದ್ದೆ, ಕೇಳಿ ನೋಡು" ಎಂದರು ದೊಡ್ಡಮ್ಮ, ವಿಚಾರಿಸಿದರೆ ನಿಜವೇ. ಈಗ ಹಿಂದಿನ ಬೀದಿಯ ಹೊಸ ಬಸುರಿಗೆ ಅವರು ನನ್ನ ಹೆರಿಗೆಯ ಕಥೆಯನ್ನು ಹೇಳುತ್ತಿರುವರಂತೆ. ಅದರಲ್ಲಿ ನನ್ನ ನೋವೂ ಆ ರಾತ್ರಿಯ ಮಳೆಯೂ ಇಮ್ಮಡಿಯಾಗಿವೆಯಂತೆ. ಕೂಸಿಗೆ ಇನ್ನೂ ಹಲ್ಲು ಮೂಡಿಲ್ಲ. ನೌಕರಿ ಮಾತ್ರ ನಿಶ್ಚಯವಾಗಿದೆಯೆಂದು ಕೇಳಿದ್ದೇನೆ.