ಪಾರ್ಟ್ ಕಾಕಾ

ಏಕಸಂಬಿಯ ಕಡೆ ಮದುವೆಗೆ ಬಂದ ಹಿರಿಯರೊಬ್ಬರು ಅಕ್ಷತೆ ಬಿದ್ದ ಕೂಡಲೇ ಊಟದ ಪಂಕ್ತಿ ಬಿಟ್ಟು ಬೀಗರ ಹಿತ್ತಲಿಗೆ ನಡೆದರೆ ಗಾಬರಿಯಾಗಬೇಡಿ. ಅವರು ಪಾರ್ಟ್ ಕಾಕಾ. ಹೊಲ ಎಷ್ಟು ಎಕರೆ, ಕಬ್ಬು ಯಾವ ಫ್ಯಾಕ್ಟರಿಗೆ ಹೋಗುತ್ತದೆ ಎಂದು ಉಳಿದ ಹಿರಿಯರು ವಿಚಾರಿಸುತ್ತಿದ್ದರೆ ಇವರದು ಒಂದೇ ಪ್ರಶ್ನೆ: “ನಿಮ್ಮೂರಾಗ ಹಳೇ ಅಂಬಾಸಡರ್ ಯಾರ ಹಿತ್ತಲದಾಗರ ಬಿದ್ದೈತೇನ್ರಿ?”

ನಿಪ್ಪಾಣಿಯಿಂದ ಅಥಣಿವರೆಗೆ ಈ ಜಾತಿಯ ಹಿರಿಯರು ಅಲ್ಲಲ್ಲಿ ಸಿಗುತ್ತಾರೆ. ಗುರುತು ಸುಲಭ. ತಲೆಗೆ ಬಿಳಿ ಟೋಪಿ, ಕೈಯಲ್ಲಿ ಒಂದು ಗೊಬ್ಬರದ ಚೀಲ, ಚೀಲದಲ್ಲಿ ಸ್ಯಾಂಪಲ್ಲಿಗೆಂದು ಸವೆದ ವಾಲ್ವು, ತುಂಡಾದ ರಿಂಗು. ಅಂಗಿಯ ಜೇಬಿನಲ್ಲಿ ಪೆನ್ ಇರಬೇಕಾದಲ್ಲಿ ಫೀಲರ್ ಗೇಜು. ಟ್ಯಾಪೆಟ್ ಸಂದು ನೋಡುವ ಈ ಗೇಜಿನ ಸಣ್ಣ ಎಲೆಯಿಂದ ಕಾಕಾ ಹಲ್ಲಿನ ಸಂದಿಯ ಅಡಿಕೆಯನ್ನೂ ತೆಗೆಯುತ್ತಾರೆ.

ನಮ್ಮ ಕಾಕಾನ ಗಾಡಿ ಅಂಬಾಸಡರ್ ಮಾರ್ಕ್ 2. ಅವರ ತಂದೆ ತಂದಾಗ ಅದರೊಳಗೆ 1489 ಸಿಸಿಯ ಪೆಟ್ರೋಲ್ ಇಂಜಿನ್ ಇತ್ತು. ಡೀಸೆಲ್ ಅಗ್ಗವಿದ್ದ ಕಾಲದಲ್ಲಿ ಕಾಕಾ ಅದನ್ನು ಇಳಿಸಿ ಮಟಡೋರಿನ ಡೀಸೆಲ್ ಇಂಜಿನ್ ಕೂರಿಸಿದರು. ಆಗ ಚಿಕ್ಕೋಡಿ ತಾಲೂಕಿನಲ್ಲೇ ತಮ್ಮಂಥ ಶಾಣ್ಯಾ ಇಲ್ಲ ಎಂದು ತಿರುಗಿದವರು ಅವರೇ. ಇಳಿಸಿದ ಇಂಜಿನ್ನಿನ ಹೆಡ್ಡನ್ನು ಗುಜರಿಯವನು ತೂಕಕ್ಕೆ ಹಾಕಿಕೊಂಡು ಹೋದ. ಬ್ಲಾಕ್ ಮಾತ್ರ ಅವನಿಂದ ಎತ್ತಲಾಗದೆ ಹಿತ್ತಲಲ್ಲೇ ಉಳಿಯಿತು. ಕಾಕಾನ ಹೆಂಡತಿ ಕಾಕು ಅದಕ್ಕೆ ಎಮ್ಮೆ ಕಟ್ಟಿದರು. ಎಮ್ಮೆಗಳು ಬದಲಾದವು, ಬ್ಲಾಕ್ ಬದಲಾಗಲಿಲ್ಲ.

ಹೀಗೇ ನಡೆದಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಹೊಸ ನಿಯಮ ತಂದಿತು. ಐವತ್ತು ವರ್ಷ ದಾಟಿದ ಖಾಸಗಿ ಗಾಡಿ ಮೂಲ ರೂಪದಲ್ಲಿದ್ದರೆ ಬೇರೆಯೇ ನೋಂದಣಿ, ನಂಬರಿನಲ್ಲಿ ‘ವಿಎ’ ಎಂಬ ಎರಡಕ್ಷರ. ಮೊದಲ ನೋಂದಣಿಗೆ 20,000 ರೂಪಾಯಿ. ಆದರೆ ಆ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಮಾತ್ರ ರಸ್ತೆಗಿಳಿಸಬೇಕು. ಮೊಮ್ಮಗ ಇದನ್ನು ಓದಿ ಹೇಳಿದಾಗ ಕಾಕು ಕೇಳಿದರು, “ಮತ್ತ ಈಗರ ಇವರ ಗಾಡಿ ರಿಪೇರಿ ಬಿಟ್ಟ ಬ್ಯಾರೆ ಎಲ್ಲಿಗಿ ಹೋಗತೈತಿ?”

ಕಾಕಾನ ಕಿವಿಗೆ ಬಿದ್ದದ್ದು ‘ಮೂಲ ರೂಪ’ ಒಂದೇ. ಅಂದೇ ಸಂಜೆ ಎಮ್ಮೆಯ ಹಗ್ಗ ಬಿಚ್ಚಿದರು. ಬ್ಲಾಕಿನ ಸಗಣಿ ತೊಳೆದು, ಸೀಮೆಎಣ್ಣೆ ಹಾಕಿ ಉಜ್ಜಿ, ಬೋರಿನೊಳಗೆ ಹೆಬ್ಬೆರಳಿನ ಉಗುರನ್ನು ಕೆಳಗಿನಿಂದ ಮೇಲಕ್ಕೆ ಎಳೆದರು. ಬಾಯಿಯ ಹತ್ತಿರ ಉಗುರು ತಟ್ಟನೆ ನಿಂತಿತು. ರಿಂಗು ಓಡಾಡಿದ ಜಾಗ ಸವೆದು, ಮುಟ್ಟದ ಜಾಗ ಅಂಚಾಗಿ ಉಳಿದಿತ್ತು. “ಬೋರಿಂಗ್ ಮಾಡಿಸಬೇಕು” ಎಂದರು. ಆ ಮುಖದ ಬೆಳಕನ್ನು ನಾವು ಅವರ ಮಗನ ಮದುವೆಯಲ್ಲೂ ಕಂಡಿರಲಿಲ್ಲ.

ಅಲ್ಲಿಂದ ಕಾಕುಗೆ ತೀರ್ಥಯಾತ್ರೆಯ ಯೋಗ ಶುರುವಾಯಿತು. ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟರ್ಸ್ 2014ರಲ್ಲೇ ಅಂಬಾಸಡರ್ ನಿಲ್ಲಿಸಿದೆ. ಬ್ರ್ಯಾಂಡ್ ಹೆಸರು 2017ರಲ್ಲಿ 80 ಕೋಟಿಗೆ ಪ್ಯೂಜೋ ಕಂಪನಿಗೆ ಹೋಯಿತು. ಉಳಿದದ್ದು ಹಳೇ ಸಾಮಾನಿನ ಪೇಟೆಗಳು. ಕೋಲ್ಕತ್ತದಲ್ಲಿ ಮಲ್ಲಿಕ್ ಬಜಾರ್ ಇದೆ, ಹಾಗಾಗಿ ಕಾಕುಗೆ ಕಾಳಿ ದರ್ಶನವಾಯಿತು. ಚೆನ್ನೈಯ ಪುದುಪೇಟೆಗೆ ಹೋಗುವ ದಾರಿಯಲ್ಲಿ ತಿರುಪತಿ ಆಯಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮಾತ್ರ ದೇವರು ಸಿಗಲಿಲ್ಲ, ಪಿಸ್ಟನ್ನೂ ಸಿಗಲಿಲ್ಲ. ಅಂಗಡಿಯವನು “ಸ್ಟ್ಯಾಂಡರ್ಡೋ, ಟ್ವೆಂಟಿಯೋ, ಫಾರ್ಟಿಯೋ?” ಎಂದು ಕೇಳಿದ. ಬೋರು ಸವೆದಷ್ಟೂ ದಪ್ಪ ಪಿಸ್ಟನ್ ಬೇಕು. ಟ್ವೆಂಟಿ ಎಂದರೆ ಇಂಚಿನ ಸಾವಿರ ಭಾಗದಲ್ಲಿ ಇಪ್ಪತ್ತು ಹೆಚ್ಚು. ಕಾಕಾ ಎದೆಯುಬ್ಬಿಸಿ “ನಮ್ದು ಫಾರ್ಟಿ ದಾಟೈತಿ” ಎಂದರು, ಮಗ ಫಸ್ಟ್ ಕ್ಲಾಸಿನಲ್ಲಿ ಪಾಸಾದವರ ಧಾಟಿಯಲ್ಲಿ. ಫಾರ್ಟಿ ದಾಟಿದರೆ ಪಿಸ್ಟನ್ ಇಲ್ಲ, ಬೋರಿಗೆ ಸ್ಲೀವ್ ಹಾಕಿಸಿ ಮತ್ತೆ ಸ್ಟ್ಯಾಂಡರ್ಡಿಗೆ ತರಬೇಕು.

ಅದಕ್ಕೆ ಕೊಲ್ಹಾಪುರದ ಉದ್ಯಮನಗರವೇ ಗತಿ. ಈ ಭಾಗದಲ್ಲಿ ಕಬ್ಬಿಣದ ಯಾವ ಕಾಯಿಲೆಗೂ ಔಷಧ ಅಲ್ಲಿ. ಶುಕ್ರವಾರ ಹೋದರೆ ಕಾಕು ಅಂಬಾಬಾಯಿ ಗುಡಿಯ ಸಾಲಿನಲ್ಲಿ, ಕಾಕಾ ಲೇತ್ ಮಶೀನಿನ ಸಾಲಿನಲ್ಲಿ. ದರ್ಶನ ಮೊದಲು ಯಾರಿಗಾಗುತ್ತದೆ ಎಂದು ಕೇಳಬೇಕಿಲ್ಲ. ದಸರೆಗೂ ಹೋಗುತ್ತಾರೆ. ದಸರಾ ಚೌಕಿಗೆ ಛತ್ರಪತಿ ಮನೆತನದ ಮೇಬ್ಯಾಕ್ ಕಾರು ಬರುತ್ತದಲ್ಲ, ಜನ ಮಹಾರಾಜರಿಗೆ ಕೈ ಮುಗಿಯುವಾಗ ಕಾಕಾ ಬಾನೆಟ್ಟಿನ ಕಡೆ ಕಿವಿಗೊಟ್ಟು ನಿಂತಿರುತ್ತಾರೆ.

ಇಷ್ಟರಲ್ಲಿ ಇಂಗ್ಲೆಂಡಿನಲ್ಲಿರುವ ಅಳಿಯ ಒಂದು ಸುದ್ದಿ ಕೊಟ್ಟ. ಇದೇ ವಂಶದ ಇಂಜಿನ್ನು ಅಲ್ಲಿ ಮಾರಿಸ್ ಆಕ್ಸ್‌ಫರ್ಡಿನಲ್ಲೂ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತಂತೆ, ಬೇರಿಂಗು ಗ್ಯಾಸ್ಕೆಟ್ಟು ಇನ್ನೂ ಸಿಗುತ್ತವಂತೆ. ಅಂದಿನಿಂದ ಕಾಕಾ ತಮ್ಮ ಗಾಡಿಯನ್ನು ಸ್ಪೋರ್ಟ್ಸ್ ಕಾರ್ ಎನ್ನುತ್ತಾರೆ. ಅದು ಸಗಣಿ ಕುಳ್ಳಿನ ಪಕ್ಕದಲ್ಲಿ ನಾಲ್ಕು ಕಲ್ಲಿನ ಮೇಲೆ ನಿಂತಿದೆ.

ವಾಲ್ವು ಹೇಗೋ ಎಂಟೂ ಕೂಡಿದವು. ಲ್ಯಾಪಿಂಗ್ ಕಲಿಯಬೇಕೆಂದು ಕಾಕಾ ಒಂದು ಗ್ಯಾರೇಜಿನಿಂದ ಒಡೆದ ಹೆಡ್ ತಂದು, ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಕೋಲನ್ನು ಎರಡೂ ಅಂಗೈಗಳ ನಡುವೆ ಮಜ್ಜಿಗೆ ಕಡೆದಂತೆ ತಿರುಗಿಸುತ್ತಾ ಕುಳಿತರು. ಕಾಕು ಕಟ್ಟೆಯ ಮೇಲೆ ನಿಜವಾದ ಮಜ್ಜಿಗೆ ಕಡೆಯುತ್ತಿದ್ದರು. ಬೆಣ್ಣೆ ಬಂದದ್ದು ಅವರಿಗೆ ಮಾತ್ರ.

ಒಳ್ಳೆಯ ಹೆಡ್ ಕೊನೆಗೆ ಗಡಿಯಾಚೆಯ ಕಾಗಲಿನಲ್ಲಿ ಸಿಕ್ಕಿತು. ಸಿಕ್ಕಿತು ಎಂದರೆ, ಇತ್ತು. ಅದರ ಮಾಲೀಕರೂ ಟೋಪಿ, ಗೊಬ್ಬರದ ಚೀಲದವರೇ. ಅವರ ಬ್ಲಾಕ್ ಒಡೆದುಹೋಗಿ, ಅವರು ಬ್ಲಾಕ್ ಹುಡುಕುತ್ತಿದ್ದರು. ಇಬ್ಬರೂ ಗುಜರಿ ಅಂಗಡಿಯೊಂದರಲ್ಲಿ ಭೆಟ್ಟಿಯಾಗಿ, ಒಬ್ಬರ ಚೀಲವನ್ನೊಬ್ಬರು ಓರೆಗಣ್ಣಿನಿಂದ ನೋಡಿ, ತಮ್ಮವರೆಂದು ಗುರುತಿಸಿಕೊಂಡರು.

“ಹೆಡ್ ಕೊಡ್ರಿ ಪಾವ್ಣೇರ, ಏನ್ ಹೇಳ್ತೀರಿ ಅದನ್ನ ಕೊಡತೇನಿ.”

“ಬ್ಲಾಕ್ ಕೊಡ್ರಿ ಕಾಕಾ, ರೊಕ್ಕ ಈಗ ಎಣಸ್ತೇನಿ.”

ಯಾರೂ ಕೊಡಲಿಲ್ಲ. ಆದರೆ ಹೋಗಿ ಬರುವುದು ಬೆಳೆಯಿತು. ಅಲ್ಲಿಗೆ ಹೋದರೆ ತಾಂಬಡಾ ಪಾಂಢರಾ ರಸ್ಸಾ, ಇಲ್ಲಿಗೆ ಬಂದರೆ ಕಾಕುನ ಕೈಯ ಹೋಳಿಗೆ. ರಸ್ಸಾ ಬಡಿಸಿ ಬಡಿಸಿ, ಹೋಳಿಗೆ ಮಾಡಿ ಮಾಡಿ ಎರಡೂ ಮನೆಯ ಹೆಂಗಸರು ಸಾಕಾಗಿ, ಒಂದು ದಿನ ಕಾಕುವೇ ಪಂಚಾಯ್ತಿ ಮಾಡಿದರು: “ಎರಡೂ ಕೂಡ್ಸಿ ಒಂದ ಇಂಜಿನ್ ಮಾಡ್ರಿ. ಆರ ತಿಂಗಳ ಅಲ್ಲಿ, ಆರ ತಿಂಗಳ ಇಲ್ಲಿ.”

ಇಬ್ಬರೂ ಒಪ್ಪಿದರು. ಒಪ್ಪಿ ಚಹಾ ಕುಡಿಯುವಷ್ಟರಲ್ಲಿ ಪ್ರಶ್ನೆ ಎದ್ದಿತು: ಪ್ಲೇಟಿನ ಮೇಲೆ ಕೆಎ ವಿಎಯೋ, ಎಂಎಚ್ ವಿಎಯೋ? ಬ್ಲಾಕ್ ಕರ್ನಾಟಕದ್ದು, ಹೆಡ್ ಮಹಾರಾಷ್ಟ್ರದ್ದು. ಇಂಜಿನ್ ನಂಬರು ಬ್ಲಾಕಿನ ಮೇಲಿದೆ ಎಂದು ಕಾಕಾ. ತಲೆ ಇಲ್ಲದ ಮುಂಡಕ್ಕೆಂಥ ನಂಬರು ಎಂದು ಪಾವ್ಣೇರು. ನಮ್ಮ ಎರಡು ರಾಜ್ಯಗಳ ಗಡಿ ಜಗಳಕ್ಕೆ 1966ರಲ್ಲಿ ಮಹಾಜನ ಆಯೋಗ ಕೂಡಿಸಿದ್ದರು, ಮರುವರ್ಷ ವರದಿಯೂ ಬಂತು. ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. ಇವರು ಅಷ್ಟು ದೂರ ಹೋಗಿಲ್ಲ. ವಿಚಾರ ಪ್ಲೇಟಿನಿಂದ ಇಳಿದು, ಸದ್ಯ ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂಡ್ರುವ ಗ್ಯಾಸ್ಕೆಟ್ಟಿನ ರೊಕ್ಕ ಯಾರು ಕೊಡಬೇಕು ಅನ್ನುವಲ್ಲಿ ನಿಂತಿದೆ.